ನಿದ್ದೆಯಂಗಡಿಗೆ ಹಣ ಬಂದ ಸದ್ದು

ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ದಿಂಬು ಹೊಲಿಯುತ್ತಲೇ ಅವಳ ತಲೆಗೂದಲು ನರೆಯಿತು. ಒಂದು ದಿನ ಆ ಕೋಣೆಯನ್ನೇ ಮುಚ್ಚಿದರು. ಇನ್ನು ಮುಂದೆ ದಿಂಬುಗಳು ಕಾರ್ಖಾನೆಯಿಂದ ಬರುತ್ತವಂತೆ, ಎಲ್ಲವೂ ಒಂದೇ ಅಚ್ಚಿನವು. ಅವಳು ಮಾತ್ರ ಒಂದೇ ಅಚ್ಚಿನ ಎರಡು ತಲೆಗಳನ್ನು ಜೀವಮಾನದಲ್ಲಿ ಕಂಡವಳಲ್ಲ. ಮಗ್ಗುಲಾಗಿ ಮಲಗುವವರಿಗೆ ಎತ್ತರದ ದಿಂಬು ಬೇಕು, ಬೋರಲು ಮಲಗುವವರಿಗೆ ಅಪ್ಪಳದಷ್ಟು ತೆಳು. ಅಳುತ್ತ ಮಲಗುವವರಿಗೆ ಅವಚಿಕೊಳ್ಳಲು ಇನ್ನೊಂದು ಬೇಕು. ಇಷ್ಟು ತಿಳಿದವಳು ಮನೆಯ ಮೂಲೆಯಲ್ಲಿ ಕೂತು ಏನು ಮಾಡಿಯಾಳು? ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ದಿಂಬಿನಂಗಡಿ ತೆರೆದಳು. ತಿಂಗಳೊಪ್ಪತ್ತಿನಲ್ಲಿ ಬೀದಿಯವರ ಬಾಯಲ್ಲಿ ‘ದಿಂಬಿನಕ್ಕ’ ಆದಳು.

ಅಂಗಡಿ ಎಂದರೆ ಅಂಥದ್ದೇನಿಲ್ಲ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಹತ್ತಿಯ ಮೂಟೆಗಳು, ತೆಳು ಪರದೆಯ ಆಚೆ ಎರಡು ಮಂಚ. ಕೊಳ್ಳುವ ಮೊದಲು ಮಲಗಿ ನೋಡಬಹುದು. ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಬಂದಾಗ ಹಿಂಜಿದ ಹತ್ತಿಯ ಎಳೆಗಳು ಮೇಲೇಳುತ್ತಿದ್ದವು. ಅವಕ್ಕೆ ಬೀಳುವ ಅವಸರವೇ ಇರುತ್ತಿರಲಿಲ್ಲ. ಒಳಗೆ ಬಂದವರ ದನಿ ತಾನೇ ತಗ್ಗುತ್ತಿತ್ತು. ಎಷ್ಟೋ ಜನ ‘ಸುಮ್ಮನೆ ನೋಡ್ತೀನಿ’ ಎಂದು ತಲೆಯಿಟ್ಟು ಗೊರಕೆ ಹೊಡೆದದ್ದುಂಟು. ಅವಳು ಎಬ್ಬಿಸುತ್ತಿರಲಿಲ್ಲ. ಯಂತ್ರ ನಿಲ್ಲಿಸಿ ಕೈಯಲ್ಲೇ ಹೊಲಿಯುತ್ತಿದ್ದಳು.

ತೊಡಕು ಹುಟ್ಟಿದ್ದು ಹಣ ಹೇಗೆ ತೆಗೆದುಕೊಳ್ಳುವುದು ಎಂಬಲ್ಲಿ. ಗಂಡ ತೀರಿಕೊಂಡ ಮೇಲೂ ಅತ್ತೆ, ಮೈದುನ, ಅವಳು ಒಂದೇ ಸೂರಿನಡಿ ಇದ್ದವರು. ಆ ಮನೆಯಲ್ಲಿ ಯಾವ ಮಾತಿಗೂ ಎರಡು ಪಕ್ಷ.

“ಕೈಗೆ ಸಿಕ್ಕಿದ್ದೇ ದುಡ್ಡು ಕಣೇ,” ಎಂದರು ಅತ್ತೆ. “ಫೋನಿನೊಳಗೆ ಬಂತು ಅಂದ್ರೆ ಕನಸಲ್ಲಿ ಉಂಡ ಹಾಗೆ. ಹೊಟ್ಟೆ ತುಂಬುತ್ತಾ?”

ಮೈದುನನಿಗೆ ಫೋನ್ ರಿಪೇರಿ ಕೆಲಸ. ಅವನು ನಕ್ಕ. “ಅಮ್ಮಾ, ಈಗ ಯಾರ ಜೇಬಲ್ಲಿ ನೋಟಿದೆ ಹೇಳು? ಅತ್ತಿಗೆ, ನೀವು ಕಾರ್ಡ್ ಮಷೀನ್ ಇಡಿ, ಸ್ಕ್ಯಾನ್ ಮಾಡೋ ಹಾಳೆ ಅಂಟಿಸಿ. ಜೊತೆಗೆ ಹಣ ಬಂದ ತಕ್ಷಣ ಕೂಗಿ ಹೇಳೋ ಪೆಟ್ಟಿಗೇನೂ ಇರ್ಲಿ. ಇಲ್ಲಾಂದ್ರೆ ಹಳೇ ಪಾವತಿ ತೋರ್ಸಿ ಟೋಪಿ ಹಾಕಿ ಹೋಗ್ತಾರೆ.”

ಇಬ್ಬರ ಮಾತೂ ಸರಿಯೆನಿಸಿ ಅವಳು ಎಲ್ಲವನ್ನೂ ಇಟ್ಟಳು. ಕಾರ್ಡ್ ಯಂತ್ರದ ಹುರುಪು ಮೊದಲ ತಿಂಗಳಿಗೇ ಇಳಿಯಿತು. ಅದರಲ್ಲಿ ಕಾರ್ಡ್ ಉಜ್ಜಿದವರು ಬೆರಳೆಣಿಕೆಯಷ್ಟು, ಯಂತ್ರದ ಬಾಡಿಗೆ ಮಾತ್ರ ತಪ್ಪದೆ ಕಡಿತ. ಉಜ್ಜಿದಾಗಲೂ ಬ್ಯಾಂಕಿನವರ ಪಾಲು ಬೇರೆ. “ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ,” ಎಂದು ಅದನ್ನು ಹಿಂದಿರುಗಿಸಿದಳು. ಸ್ಕ್ಯಾನ್ ಹಾಳೆ ಗೋಡೆಯ ಮೇಲೆ ಉಳಿಯಿತು. ಕೂಗುವ ಪೆಟ್ಟಿಗೆಯೂ ಉಳಿಯಿತು. ಹೊರಗೆ ಬಸ್ಸುಗಳ ಗದ್ದಲ ಹೆಚ್ಚೆಂದು ಮೈದುನ ಅದರ ದನಿಯನ್ನು ಪೂರ್ತಿ ಏರಿಸಿಟ್ಟಿದ್ದ.

ಆ ದಿನಗಳಲ್ಲೇ, ‘ರೈಲಿನವರು’ ಎಂದು ಬೀದಿಯವರು ಕರೆಯುವ ಹಿರಿಯರೊಬ್ಬರು ಬರತೊಡಗಿದ್ದು. ಉದ್ದನೆಯ ಆಳು, ಸದಾ ದೂರದಲ್ಲಿ ಏನನ್ನೋ ಹುಡುಕುವ ಕಣ್ಣು. ಬದುಕಿಡೀ ರೈಲು ಓಡಿಸಿ ನಿವೃತ್ತರಾಗಿದ್ದರು. ಅಂದಿನಿಂದ ನಿದ್ದೆ ಅವರ ಮನೆಯ ಕಡೆ ತಲೆಹಾಕಿರಲಿಲ್ಲ.

“ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ,” ಎಂದಳು ದಿಂಬಿನಕ್ಕ. “ನಿಮಗೇನು ಚಿಂತೆ?”

“ಚಿಂತೆ ಇಲ್ಲಮ್ಮ, ಅದೇ ಕಷ್ಟ. ಮನೆ ಅಲ್ಲಾಡಲ್ಲ. ಗೋಡೆ ನಿಂತೇ ಇರುತ್ತೆ, ಮಂಚ ನಿಂತೇ ಇರುತ್ತೆ. ಎಲ್ಲೋ ಸಿಗ್ನಲ್ ಬಿದ್ದಿಲ್ಲ, ನಾನು ಕಾಯ್ತಾ ಇದೀನಿ ಅನ್ಸುತ್ತೆ.”

ಮೆತ್ತನೆಯ ಹತ್ತಿ ಕೊಟ್ಟಳು, ಆಗಲಿಲ್ಲ. ಗಟ್ಟಿ ತುಂಬಿ ಕೊಟ್ಟಳು, ಅದೂ ಆಗಲಿಲ್ಲ. ಅವರು ಕಣ್ಣುಬಿಟ್ಟುಕೊಂಡೇ ಮಲಗಿ, ನಮಸ್ಕಾರ ಹೇಳಿ ಹೋಗುತ್ತಿದ್ದರು. ಒಂದು ಬೆಳಗ್ಗೆ ಧಾನ್ಯದಂಗಡಿಯ ಮುಂದೆ ನಡೆದು ಬರುವಾಗ ಒಬ್ಬಾಕೆ ಹೊಟ್ಟು ಕೇರುತ್ತಿದ್ದಳು. ಜರ್ರ್ ಜರ್ರ್ ಎಂಬ ಆ ಸದ್ದು ಕಿವಿಗೆ ಬಿದ್ದದ್ದೇ ದಿಂಬಿನಕ್ಕ ಅಲ್ಲೇ ನಿಂತುಬಿಟ್ಟಳು. ಒಂದು ಚೀಲ ಹೊಟ್ಟು ಕೊಂಡು, ಬಿಸಿಲಿಗೆ ಹರಡಿ, ದೂಳು ತೂರಿ, ಒತ್ತಾದ ಬಟ್ಟೆಯಲ್ಲಿ ಸಡಿಲವಾಗಿ ತುಂಬಿ ಹೊಲಿದಳು.

ರೈಲಿನವರು ಅದರ ಮೇಲೆ ಕಿವಿಯಿಟ್ಟರು. ತಲೆ ಕೊಂಚ ಹೊರಳಿದರೂ ಒಳಗೆ ಹೊಟ್ಟು ಜರುಗುತ್ತಿತ್ತು. ಉಸಿರಾಡಿದರೂ ಸಣ್ಣಗೆ ಸದ್ದು. ಎಲ್ಲೋ ದೂರದ ಗಾಡಿಯೊಂದು ಬಯಲು ದಾಟುತ್ತಿರುವಂತೆ. ಅವರ ಹುಬ್ಬಿನ ಗಂಟು ಬಿಚ್ಚಿತು, ಬಿಗಿದ ಮುಷ್ಟಿ ತೆರೆಯಿತು. ಅವಳು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಒಬ್ಬ ಮನುಷ್ಯ ನಿದ್ದೆಗೆ ಇಳಿಯುವುದನ್ನು ನೋಡುತ್ತ ಕೂತಳು. ನೀರಿಗೆ ಬಿದ್ದ ನಾಣ್ಯ ತಳ ಸೇರುವ ಹಾಗೆ, ಅತ್ತ ಇತ್ತ ತೂಗುತ್ತ, ನಿಧಾನವಾಗಿ.

ಆಗಲೇ ದಿಂಬಿನ ಗವಸು ಕೊಂಡ ಹೆಂಗಸೊಬ್ಬಳು ಫೋನೆತ್ತಿ ಗೋಡೆಯ ಹಾಳೆಗೆ ಹಿಡಿದಳು.

“ಹಣ ಸ್ವೀಕರಿಸಲಾಗಿದೆ!” ಎಂದು ಪೆಟ್ಟಿಗೆ ಅರಚಿತು.

ರೈಲಿನವರು ಮಂಚದ ಮೇಲೆ ಎದ್ದು ಕೂತಾಗಿತ್ತು. ಬಲಗೈ ಗಾಳಿಯಲ್ಲಿ ಬ್ರೇಕು ಎಳೆಯುತ್ತಿತ್ತು. “ಯಾರು? ಹಳಿ ಮೇಲೆ ಯಾರು?” ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಓಡಿ ಹೋಗಿ ನೀರು ಕೊಟ್ಟಳು. ಅವರು ಕುಡಿದು, ನಾಚಿಕೊಂಡು, ದಿಂಬನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಸಂಜೆ ಅವಳು ಪೆಟ್ಟಿಗೆಯನ್ನು ತಂದು ಮೈದುನನ ಮುಂದಿಟ್ಟಳು. “ಇದು ನನ್ನಂಗಡಿಗೆ ಬೇಡಪ್ಪ.”

“ದನಿ ತಗ್ಗಿಸ್ತೀನಿ ಬಿಡಿ ಅತ್ತಿಗೆ.”

“ನಿದ್ದೆ ಕೊಡ್ತೀನಿ ಅಂತ ಕರೆದು, ಅವರ ಕಿವಿ ಪಕ್ಕ ದುಡ್ಡು ದುಡ್ಡು ಅಂತ ಪಿಸುಗುಟ್ಟಲಾ? ಅದೂ ಬೇಡ. ನನಗೊಬ್ಬಳಿಗೇ ಗೊತ್ತಾಗೋ ಹಾಗೆ ಏನಾದ್ರೂ ಮಾಡು.”

ಅವನು ತಲೆ ಕೆರೆದುಕೊಂಡ. ಕೊನೆಗೆ ಅವಳ ಫೋನಿನ ಬೇರೆಲ್ಲ ಸದ್ದುಗದ್ದಲ ಅಡಗಿಸಿ, ಹಣ ಬಂದಾಗ ಮಾತ್ರ ಅದು ನಡುಗುವಂತೆ ಮಾಡಿಕೊಟ್ಟ. ಅವಳು ಒಂದು ಬಟ್ಟೆಚೀಲ ಹೊಲಿದು ಫೋನನ್ನು ಸೊಂಟಕ್ಕೆ ಕಟ್ಟಿಕೊಂಡಳು. ನಡುಕ ಬಂದರೆ ತೆಗೆದು ನೋಡುವುದು, ಮೊತ್ತ ಸರಿಯಿದ್ದರೆ ತಲೆಯಾಡಿಸುವುದು, ಅಷ್ಟೇ. ನೋಟು ಕೊಡುವ ಹಿರಿಯರಿಗಾಗಿ ಗಲ್ಲಾ ಇರಲೇಬೇಕೆಂದು ಅತ್ತೆ ಹಟ ಹಿಡಿದರು. ಅವಳೂ ಒಪ್ಪಿದಳು. ಚಿಲ್ಲರೆ ಖಣಖಣ ಎನ್ನದಿರಲೆಂದು ಗಲ್ಲಾದ ತಳಕ್ಕೆ ಹತ್ತಿ ಹಾಸಿದಳು. ಅತ್ತೆಯೇ ಬಂದು ಅದರ ಮುಂದೆ ಕೂರತೊಡಗಿದರು. ಪೆಟ್ಟಿಗೆಯನ್ನು ಪಕ್ಕದ ಬೀಗ ರಿಪೇರಿಯವರು ಕೇಳಿ ಪಡೆದು, ತಮ್ಮ ಖಾತೆಗೆ ಜೋಡಿಸಿಕೊಂಡರು. ಅವರಿಗೆ ಕಿವಿ ಮಂದ. ಅವರಂಗಡಿಯಲ್ಲಿ ಅದು ಎಷ್ಟು ಕೂಗಿದರೂ ಬೇಸರಪಡುವವರಿರಲಿಲ್ಲ.

ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಒಬ್ಬ ಠಾಕುಠೀಕು ಆಸಾಮಿ ‘ಕಳಿಸಿದ್ದೀನಿ ನೋಡಿ’ ಎಂದು ಫೋನು ಆಡಿಸಿದ. ಸೊಂಟದಲ್ಲಿ ನಡುಕವಿಲ್ಲ. ಮಲಗಿದವರು ಎದ್ದಾರೆಂದು ಅವಳು ಗಟ್ಟಿಯಾಗಿ ಕರೆಯಲಿಲ್ಲ, ದಿಂಬು ಹೋಯಿತು. ಮೈದುನ ಕಿಡಿಕಾರಿದ. “ಹೋಗ್ಲಿ ಬಿಡೋ,” ಎಂದಳು, “ಅದರ ಮೇಲೆ ಅವನಿಗೆ ನಿದ್ದೆ ಬಂದ್ರೆ ಪುಣ್ಯ.”

ರೈಲಿನವರು ಮಾತ್ರ ಬರಲಿಲ್ಲ. ಅವರ ದಿಂಬು ಕಪಾಟಿನ ಮೇಲೆ ಕಾಯುತ್ತಿತ್ತು. ಕೊನೆಗೆ ಅತ್ತೆಯೇ, “ಕಾದು ಕೂತ್ರೆ ಆಗುತ್ತೇನೇ? ನೀನೇ ಹೋಗಿ ಕೊಟ್ಟು ಬಾ,” ಎಂದರು. ಬೀದಿ ಕೇಳಿಕೊಂಡು ಹೋಗಿ, ಬಾಗಿಲು ತಟ್ಟಿ, ದಿಂಬನ್ನು ಅವರ ಕೈಗಿಟ್ಟಳು. ಹಣದ ಮಾತೆತ್ತಿದಾಗ, “ಮೊದ್ಲು ಮಲಗಿ. ಆಮೇಲೆ ನೋಡೋಣ,” ಎಂದು ಹಿಂತಿರುಗಿದಳು.

ಮೋಡ ಕವಿದು ಬಿಸಿಲು ಬೂದಿಬಣ್ಣಕ್ಕೆ ತಿರುಗಿದ ಒಂದು ಮಧ್ಯಾಹ್ನ ಅವರು ಬಂದರು. ಎರಡೂ ಮಂಚಗಳಲ್ಲಿ ಯಾರೋ ಮಲಗಿದ್ದರು. ಗಲ್ಲಾದ ಮುಂದೆ ಅತ್ತೆಯೂ ತೂಕಡಿಸುತ್ತಿದ್ದರು. ರೈಲಿನವರು ಚಪ್ಪಲಿ ಹೊರಗೆ ಬಿಟ್ಟು, ತುದಿಗಾಲಲ್ಲಿ ನಡೆದು, ಗೋಡೆಯ ಹಾಳೆಗೆ ಫೋನು ಹಿಡಿದರು. ಅವಳ ಸೊಂಟದಲ್ಲಿ ಸಣ್ಣ ನಡುಕ. ತಲೆಯಾಡಿಸಿದಳು.

“ಬಂತಾ?” ಎಂದರು ಅವರು, ಪಿಸುಮಾತಿನಲ್ಲಿ.

“ಬಂತು. ನಿಮಗೆ?”

“ಬರ್ತಿದೆಯಮ್ಮ. ದಿನಾ ಬರ್ತಿದೆ.” ಅವರ ಕಣ್ಣು ಗಾಳಿಯಲ್ಲಿ ತೇಲುವ ಹತ್ತಿಯೆಳೆಯ ಹಿಂದೆ ಹೋಯಿತು. “ಕನಸಲ್ಲಿ ಗಾಡಿ ಓಡ್ತಾನೇ ಇರುತ್ತೆ. ಆದ್ರೆ ಓಡಿಸ್ತಿರೋದು ನಾನಲ್ಲ. ಕಿಟಕಿ ಪಕ್ಕ ಕೂತಿರ್ತೀನಿ, ಹೊರಗೆ ನೋಡ್ಕೊಂಡು.”

ಅವಳು ನಕ್ಕು, ಅವರಿಗೆ ಕೂರಲು ಹತ್ತಿಯ ಮೂಟೆಯೊಂದನ್ನು ಸರಿಸಿಕೊಟ್ಟಳು.