ಎರೆಮಣ್ಣು ಹಿಡಿದಿದ್ದ ಗೌರಿ

ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಕುಂದಗೋಳ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಮಾರ್ಚ್ ತಿಂಗಳ ಒಂದು ಮುಂಜಾನೆ ಯರಗುಪ್ಪಿ ಕಡೆಯಿಂದ ಫೋನ್ ಬಂತು. ಎಂಟು ತಿಂಗಳ ಗಬ್ಬದ ಎಮ್ಮೆ ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡಿತ್ತು.

ಹೋಗಿ ನೋಡಿದರೆ ಹೊಟ್ಟೆಯವರೆಗೂ ಕಪ್ಪು ಕೆಸರು. ಎಮ್ಮೆಯ ಹೆಸರು ಗೌರಿ. ಅದರ ಒಡತಿ ನೀಲವ್ವ, ಅರವತ್ತು ದಾಟಿದವರು, ಕೆಸರಿನಲ್ಲೇ ಕೂತು ಅದರ ಮೂತಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಮೈದುನ ಬಸಪ್ಪ ಟ್ರ್ಯಾಕ್ಟರ್ ತಂದು ಹಗ್ಗ ಬಿಗಿದಿದ್ದ. ನನಗೆ ಮೊದಲಿನಿಂದಲೂ ಆತುರ ಜಾಸ್ತಿ. "ಜಗ್ಗಪಾ" ಎಂದುಬಿಟ್ಟೆ. ಬಸಪ್ಪ ಟ್ರ್ಯಾಕ್ಟರ್ ಮುಂದೆ ಎಳೆದ.

ಗೌರಿ ನೋವಿನಿಂದ ಅರಚಿತು. ಕೆಸರು ಮಾತ್ರ ಒಂದು ಗೇಣೂ ಬಿಡಲಿಲ್ಲ.

"ನಿಲ್ಲಸ್ರಿ ಸಾಹೇಬ್ರ! ಹಿಂಗ ಜಗ್ಗಿದ್ರ ಕಾಲ ಕಿತ್ತ ಬರ್ತಾವ, ಎಮ್ಮಿ ಬರಂಗಿಲ್ಲ" ಎಂದು ನೀಲವ್ವ ಚೀರಿದರು.

ನನಗೆ ಸಿಟ್ಟು ಬಂತು. "ಮತ್ತೇನ್ ಮಾಡೂಣು, ನೀವ ಹೇಳ್ರಿ."

"ಮನಿ ಗ್ವಾಡಿಗೆ ಮೆತ್ತಾಕ ಜಲ್ಮೆಲ್ಲಾ ಈ ಮಣ್ಣ ತುಳದೀನ್ರಿ. ಸುಮ್ನ ಬಿಟ್ರ ಬಿಗೀತೈತಿ, ನೀರ ಹಾಕಿ ಕಲಕಿದ್ರ ಸಡಲ ಬಿಡತೈತಿ."

ಅವರು ಹೇಳಿದ್ದು ನಿಜ. ಒದ್ದೆ ಎರೆಮಣ್ಣು ಅಲುಗಾಡದಿದ್ದರೆ ಗಟ್ಟಿ ಪದಾರ್ಥದಂತೆ ನಿಲ್ಲುತ್ತದೆ, ಕಲಕುತ್ತಿದ್ದರೆ ದ್ರವದಂತೆ ಹರಿಯುತ್ತದೆ. ಇದಕ್ಕೆ ಥಿಕ್ಸೋಟ್ರೊಪಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಆಮೇಲೆ.

ಬೂಟು ಕಳಚಿ ನಾನೂ ಇಳಿದೆ. ಒಂದೊಂದೇ ಕಾಲಿನ ಸುತ್ತ ನೀರು ಸುರಿದು, ಬಿದಿರಿನ ಗಳದಿಂದ, ಕೊನೆಗೆ ಬರಿಗೈಯಿಂದ ಕಲಕಿದೆವು. ಸಡಿಲವಾದ ಕಾಲು ಮತ್ತೆ ಹೂತುಹೋಗದಂತೆ ಬಸಪ್ಪ ಅದರಡಿಗೆ ಹಲಗೆ ಒತ್ತಿದ. ನೀಲವ್ವ ಗೌರಿಯ ಕಿವಿಯಲ್ಲಿ ಒಂದೇ ಸಮನೆ ಹೇಳುತ್ತಿದ್ದರು: "ತಡಿ ನನ್ನವ್ವ, ಒದ್ದ್ಯಾಡಬ್ಯಾಡ."

ಎರಡು ತಾಸು ಹಿಡಿಯಿತು. ನಾಲ್ಕನೆಯ ಕಾಲು ಬಿಡಿಸಿಕೊಂಡ ಮೇಲೆ ಟ್ರ್ಯಾಕ್ಟರ್ ಬೇಕಾಗಲೇ ಇಲ್ಲ. ಊರಿನವರೂ ಸೇರಿ ಎಂಟು ಜನ ಹಗ್ಗ ಹಿಡಿದು ಮೆಲ್ಲಗೆ ಎಳೆದೆವು. ಗೌರಿ ಹಲಗೆಗಳ ಮೇಲೆ ಜಾರಿಕೊಂಡು ದಂಡೆಗೆ ಬಂತು, ಆದರೆ ಏಳಲಿಲ್ಲ.

"ಸಾಹೇಬ್ರ, ಒಳಗಿಂದು?" ನೀಲವ್ವ ಎಮ್ಮೆಯ ಹೊಟ್ಟೆ ತೋರಿಸಿದರು.

ಬಲಗಡೆಯ ಹೊಟ್ಟೆಗೆ ಅಂಗೈ ಒತ್ತಿ ಕಾದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಒಂದು ಒದೆತ! ನೀಲವ್ವನ ಕೈ ಹಿಡಿದು ಅಲ್ಲಿಟ್ಟೆ.

"ಒದಿಯಾಕತ್ತೈತ್ರಿ!" ಎಂದವರೇ ಗೌರಿಯ ಮೈಮೇಲೆ ತಲೆಯಿಟ್ಟು ಅತ್ತರು. ನನ್ನ ಕಣ್ಣೂ ತುಂಬಿತು. ಸ್ವಲ್ಪ ಹೊತ್ತಿಗೆ ಗೌರಿಯೂ ಎದ್ದು ನಿಂತಿತು.

ಆಮೇಲಿನ ಎರಡು ವರ್ಷ, ಯಾವ ದನ ನೋಡಲು ಹೋದರೂ ಸಾಕಿದವರ ಮಾತು ಮುಗಿಯುವವರೆಗೆ ನನ್ನ ಚೀಲ ಬಿಚ್ಚಲಿಲ್ಲ. ಮೂವತ್ತು ವರ್ಷದ ವೃತ್ತಿ ಕಲಿಸದ ತಾಳ್ಮೆಯನ್ನು ಆ ಹೆಂಗಸು ಎರಡು ತಾಸಿನಲ್ಲಿ ಕಲಿಸಿದ್ದರು. ಆದರೂ "ಜಗ್ಗಪಾ" ಎಂದ ನನ್ನ ದನಿ ನೆನಪಾದಾಗಲೆಲ್ಲ ಇವತ್ತಿಗೂ ನಾಚಿಕೆಯಾಗುತ್ತದೆ.