ಮಡ್ಡಿ ಹೊಲದ ಹೊಸ್ತಿಲು

ದೀಪಾವಳಿ ಹತ್ತಿರ ಬಂತೆಂದರೆ ಸೊಲ್ಲಾಪುರದ ನಮ್ಮ ಮನೆಯ ಹೊಸ್ತಿಲಿಗೆ ಎಣ್ಣೆ ಹಚ್ಚುವ ಕೆಲಸ ನನ್ನದು. ಹೆಂಡತಿಗೂ ಬಿಟ್ಟುಕೊಡುವುದಿಲ್ಲ. ಇವತ್ತೂ ಹಳೆಯ ಟವೆಲಿನ ತುಂಡನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದೆ. ಹೊಸ್ತಿಲಿನ ಸಾಗವಾನಿ ಕಟ್ಟಿಗೆ ಮೆಲ್ಲಗೆ ತನ್ನ ವಾಸನೆ ಬಿಟ್ಟಿತು, ಹೊಸ ಚಪ್ಪಲಿಯ ತೊಗಲಿನಂಥ ವಾಸನೆ. ಅದು ಮೂಗಿಗೆ ಬಡಿದರೆ ನನಗೆ ಅಕ್ಕನ ನೆನಪು. ನೀವು ಹೇಗೂ ಬಂದಿದ್ದೀರಿ, ಕೂತು ಅವಳ ಕಥೆ ಕೇಳಿಯೇ ಹೋಗಿ.

ಅಕ್ಕನನ್ನು ಚಪಳಗಾಂವಕ್ಕೆ ಕೊಟ್ಟಿದ್ದೆವು. ನಮ್ಮ ಹೊಲ ಭಂಡಾರಕವಠೆಯಲ್ಲಿ. ಆಳವಾದ ಎರೆ ಮಣ್ಣು, ಪಕ್ಕದಲ್ಲೇ ಕಬ್ಬು, ಬೇಕಾದಷ್ಟು ನೀರು. ಅವಳದು ಮಡ್ಡಿ: ಮೇಲೆ ಒಂದು ಗೇಣು ಮಣ್ಣು, ಕೆಳಗೆಲ್ಲ ಗರಸು ಕಲ್ಲು. ಕುರಿ ಮೇಯಿಸಲಿಕ್ಕಷ್ಟೇ ಲಾಯಕ್ಕು ಎಂದು ನಮ್ಮ ಮನೆಯವರ ತೀರ್ಪು. ತವರು ಕೊಡಬೇಕು, ಮಗಳು ಒಯ್ಯಬೇಕು ಎಂಬ ರೂಢಿ ಇದ್ದದ್ದೇ. ಅವ್ವ ಮಾತ್ರ "ಪಾಪ, ಕಲ್ಲಿನಾಗ ಬಿದ್ದಾಳ" ಎನ್ನುತ್ತಲೇ ಜೋಳದ ಚೀಲ ಕಟ್ಟುವಳು. ಅಕ್ಕ ನಗುತ್ತ ಇಸಿದುಕೊಳ್ಳುವಳು, ಆ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ತನ್ನ ಭೂಮಿಗೆ ತವರಿನವರು ಅಯ್ಯೋ ಅಂದರೆ ಅವಳಿಗೆ ನೋವಾಗುತ್ತಿತ್ತು.

ಒಂದು ಮಳೆಗಾಲ ಒಂದೇ ನರ್ಸರಿಯಿಂದ ಸಾಗವಾನಿ ಸಸಿ ತಂದು ಅರ್ಧ ನಮ್ಮ ಬದುವಿಗೆ, ಅರ್ಧ ಅವಳ ಬದುವಿಗೆ ನೆಟ್ಟೆವು. ನನ್ನವು ಕಬ್ಬಿನ ನೀರು ಕುಡಿದು ಹೊಸ ಅಳಿಯನ ಹಾಗೆ ಉಬ್ಬಿದವು. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅವನ್ನು ತೋರಿಸುತ್ತಿದ್ದೆ. ಅಕ್ಕನಲ್ಲಿಗೆ ಹೋದರೆ ಕೈ ಸುಮ್ಮನಿರದೆ ಅವಳ ಮರವೊಂದನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದೆ.

"ಅಕ್ಕಾ, ಇವು ಎತ್ತಿನ ಬಾರಕೋಲಿಗೆ ಚಲೋ ಆಗ್ತಾವ ನೋಡು."

"ನಿನ್ನವು ನೀರ ಕುಡದು ಬೆಳೀತಾವ ತಮ್ಮಾ, ನನ್ನವು ಕಲ್ಲ ತಿಂದು ಬೆಳೀತಾವ. ಜರಾ ಥಾಂಬ, ತಡಿ, ನೋಡೂಣಂತ."

ವರ್ಷಗಳು ಉರುಳಿ, ನಾನು ಈ ಮನೆ ಕಟ್ಟಿಸಲು ಹೊರಟಾಗ ಅವಳ ಫೋನು ಬಂತು. "ಹೊಸ್ತಿಲಾ ನನ್ನ ಗಿಡದ್ದ ಆಗಬೇಕು." ಅಷ್ಟು ದಪ್ಪ ಮರಗಳ ಒಡೆಯನಾದ ನಾನು ಒಪ್ಪುವುದುಂಟೇ? ಎರಡೂ ಕೊಯ್ಸಿ ನೋಡೋಣ ಎಂದೆ.

ಅಕ್ಕಲಕೋಟೆಯ ಸಾಮಿಲ್ಲಿಗೆ ಅಕ್ಕನೂ ಬಂದಳು. ಮೊದಲು ನನ್ನ ದಿಮ್ಮಿ ಏರಿತು. ನಾನು ಮೀಸೆ ಮೇಲೆ ಕೈಯಿಟ್ಟು ನಿಂತೆ. ಗರಗಸ ದಾಟಿದ ಮೇಲೆ ನೋಡಿದರೆ ನಡುವೆ ಅಂಗೈಯಗಲ ಮಾತ್ರ ಗಟ್ಟಿ ಕೆಚ್ಚು, ಸುತ್ತಲೂ ಬೆಳ್ಳಗಿನ ಎಳೆ ಕಟ್ಟಿಗೆ, ಹುಳಕ್ಕೆ ಹಬ್ಬದೂಟ. ಆಮೇಲೆ ಅಕ್ಕನ ಸಣ್ಣ ದಿಮ್ಮಿ. ಅಂಚಿಗೆ ಒಂದಿಷ್ಟು ಬಿಳುಪು, ಒಳಗೆಲ್ಲ ಕೆಚ್ಚೇ. ಬೆಲ್ಲದ ಬಣ್ಣ, ನಡುನಡುವೆ ಕಪ್ಪು ಗೆರೆ. ಎತ್ತಲು ಹೋದರೆ ಕೈ ಜಗ್ಗಿತು.

"ಈಗ ಹೇಳೊ, ನನ್ನ ಹೊಲಾ ಹೆಂಗ?"

"ಹೊಸ್ತಿಲಾ ನಿಂದ ಅಕ್ಕಾ! ನಂದು ಕಪಾಟಕ್ಕ ಆಗ್ತದ ಬಿಡು."

ಸೋತಿದ್ದೆ, ಆದರೂ ಎದೆಯುಬ್ಬಿತ್ತು. ಅಕ್ಕ ಸೆರಗಿನಿಂದ ಹಲಗೆಯ ಮೇಲಿನ ಹೊಟ್ಟು ಒರೆಸಿದಳು. ಆವತ್ತು ಅವಳ ನಗು ಪೂರ್ತಿ ಬಂತು.

ಎಣ್ಣೆ ಹಚ್ಚಿ ಮುಗಿಯುವಷ್ಟರಲ್ಲಿ ಎದುರು ಮನೆಗೆ ಹೊಸದಾಗಿ ಬಂದವರು ನಿಂತು ನೋಡಿದರು. ಕಟ್ಟಿಗೆ ಎಲ್ಲಿಯದು ಎಂದು ಮರಾಠಿಯಲ್ಲಿ ಕೇಳಿದರು. ಭಂಡಾರಕವಠೆಯ ನನ್ನ ಮರಗಳ ಹೆಸರೇ ನಾಲಿಗೆಗೆ ಬರಲಿಲ್ಲ. ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತು, ಓಣಿಗೆಲ್ಲ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದೆ:

"ಚಪಳಗಾಂವದ್ದರಿ, ಮಡ್ಡಿ ಹೊಲದ್ದು. ನಮ್ಮಕ್ಕ ತವರಿಗೆ ಕೊಟ್ಟಾಳ."