ಹೇಮಕ್ಕನ ಕೈ ನಿಂತ ಮಧ್ಯಾಹ್ನ

ಆಗೆಲ್ಲ ನಮ್ಮ ಅರಸೀಕೆರೆಯಲ್ಲಿ ಬೇಸಿಗೆ ರಜೆ ಎಂದರೆ ಮಂಡಿಗಳ ಕಡೆಯಿಂದ ತೇಲಿಬರುವ ಕೊಬ್ಬರಿಯ ವಾಸನೆ, ಮಾಳಿಗೆಯ ಮೇಲೆ ಒಣಗುವ ಸಂಡಿಗೆಗೆ ಕಾವಲು, ಕಾವಲು ಕೂತವರೇ ಕದ್ದು ತಿನ್ನುವ ಅರೆಬರೆ ಒಣಗಿದ ಸಂಡಿಗೆ. ನಾನು ಆರನೇ ತರಗತಿ ಮುಗಿಸಿದ ವರ್ಷ ಮಾತ್ರ ಲಗೋರಿ, ಕುಂಟೆಬಿಲ್ಲೆ ಎಲ್ಲ ಮೂಲೆಗೆ ಬಿದ್ದು ಇಡೀ ಬೀದಿಯ ಮಕ್ಕಳಿಗೆ ಚೆಸ್ಸಿನ ಹುಚ್ಚು ಹಿಡಿದಿತ್ತು. ಅದನ್ನು ಹಚ್ಚಿದವಳು ಕೊನೆಮನೆಯ ಹೇಮಕ್ಕ.

ಹೇಮಕ್ಕನ ತಂದೆ ರೈಲ್ವೆಯಲ್ಲಿದ್ದರು. ಅವಳು ಆಗಷ್ಟೇ ಮೊದಲ ಪಿಯುಸಿ ಬರೆದಿದ್ದಳು. ಚೆಸ್ಸಿನಲ್ಲಿ ಜಿಲ್ಲೆಗೇ ಮೊದಲು ಬಂದಿದ್ದಳು. ತಿಂಗಳ ಕೊನೆಗೆ ಹಾಸನದಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಿತ್ತು. ಸೈಬರ್ ಸೆಂಟರಿನಿಂದ ತಂದ ಹಾಳೆಗಳನ್ನು ನೋಡಿ ಆಟದ ಮೊದಲ ಹನ್ನೆರಡು ನಡೆಗಳನ್ನು ಬಗೆಬಗೆಯಾಗಿ ಬಾಯಿಪಾಠ ಮಾಡಿದ್ದಳು. ಅದಕ್ಕೆ ಓಪನಿಂಗ್ ಅನ್ನುತ್ತಾರೆ ಅಂತ ನಮಗೆ ಹೇಳಿಕೊಟ್ಟಿದ್ದಳು. ಎದುರಾಳಿ ತನ್ನ ಕಾಯಿಯ ಮೇಲಿಂದ ಕೈ ತೆಗೆಯುವ ಮೊದಲೇ ಅವಳ ಕಾಯಿ ಟಕ್ ಎಂದು ಮುಂದಿನ ಮನೆಯಲ್ಲಿರುತ್ತಿತ್ತು. ಮಗ್ಗಿ ಹೇಳಿದ ಹಾಗೆ. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಅವಳು ಒಬ್ಬಳೇ ಎರಡೂ ಕಡೆಯ ಕಾಯಿ ನಡೆಸುತ್ತಿದ್ದಳು. ಜೊತೆಗೆ ಆಡಲು ಯಾರೂ ಇಲ್ಲ ಎಂದು ಗೊಣಗಿದಳು.

"ನಮ್ಮಮ್ಮಂಗೂ ಬರುತ್ತೆ ಹೇಮಕ್ಕ," ಎಂದು ನಾನು ಕೊಚ್ಚಿಕೊಂಡೆ.

"ಸುಮ್ನಿರೇ," ಎಂದು ಒಳಗಿಂದ ಅಮ್ಮನ ದನಿ ಬಂತು.

ಅಮ್ಮನ ತವರು ಹಳೇಬೀಡಿನ ಹತ್ತಿರದ ಹುಲಿಕೆರೆ. ಚಿಕ್ಕವಳಿದ್ದಾಗ ಅವಳಪ್ಪ ದನ ಮೇಯಲು ಬಿಟ್ಟು, ಬಂಡೆಯ ಮೇಲೆ ಇದ್ದಿಲಲ್ಲಿ ಮನೆ ಗೀಚಿ ಕಲಿಸಿದ ಆಟವಂತೆ. ಮದುವೆಯಾದ ಮೇಲೆ ಯಾರೊಡನೆಯೂ ಆಡಿದ್ದನ್ನು ನಾನು ಕಂಡಿರಲಿಲ್ಲ. ಹೇಮಕ್ಕ ಬಿಡಲಿಲ್ಲ. ಅಮ್ಮ ಸಂಡಿಗೆ ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಕೂತಳು.

ಅಮ್ಮನ ಮೊದಲ ನಡೆ, ತುತ್ತತುದಿಯ ಕಾಲಾಳು ಒಂದು ಮನೆ ಮುಂದಕ್ಕೆ. ಎರಡನೆಯದು, ಇನ್ನೊಂದು ತುದಿಯ ಕಾಲಾಳು ಒಂದು ಮನೆ ಮುಂದಕ್ಕೆ. ಹೇಮಕ್ಕನ ಕೈ ಗಾಳಿಯಲ್ಲೇ ನಿಂತಿತು.

"ಇದ್ಯಾವ ಓಪನಿಂಗ್ ಆಂಟಿ?"

"ಹಂಗಂದ್ರೆ ಏನವ್ವ?"

ಹೇಮಕ್ಕ ನಕ್ಕಳು. ಪಾಠದಲ್ಲಿಲ್ಲದ ನಡೆ ತಪ್ಪು ನಡೆಯೇ ಇರಬೇಕು, ತಪ್ಪಿಗೆ ಬೇಗ ಬುದ್ಧಿ ಕಲಿಸಬೇಕು ಎಂದುಕೊಂಡಳೋ ಏನೋ, ಮಂತ್ರಿಯನ್ನು ಹೊರಗೆ ನುಗ್ಗಿಸಿದಳು. ಅಮ್ಮ ಏನೂ ಆಗದವಳಂತೆ ಒಂದು ಕುದುರೆ, ನಡುವಿನ ಒಂದು ಕಾಲಾಳು, ಒಂದು ಒಂಟೆ ಸರಿಸಿದಳು. ಇನ್ನೆರಡು ನಡೆಯಲ್ಲಿ ಆ ಮಂತ್ರಿಗೆ ಹಿಂದಕ್ಕೆ ದಾರಿಯೇ ಇರಲಿಲ್ಲ. ಹೇಮಕ್ಕನ ಕಿವಿ ಕೆಂಪಾದವು. ಆಮೇಲೆ ಅವಳು ನಡೆಸಿದ್ದೆಲ್ಲ ತಡಬಡ. ಸೋತವಳು ಕಾಯಿಗಳನ್ನು ಬಳಿದು ಡಬ್ಬಕ್ಕೆ ಸುರಿದುಕೊಂಡು, ಕಣ್ಣೊರೆಸಿಕೊಳ್ಳುತ್ತಾ ಹೊರಟುಹೋದಳು.

"ಅಯ್ಯೋ ಶಿವನೆ, ಹಾಸನದ ಆಟ ಮುಂದೆ ಐತೆ, ಆ ಮಗೀನ ಅಳಿಸ್ಬಿಟ್ನಲ್ಲ," ಎಂದು ಅಮ್ಮ ರಾತ್ರಿಯವರೆಗೂ ಪೇಚಾಡಿದಳು. ನನಗಂತೂ ಅಮ್ಮನ ಮೇಲೆ ಸಿಟ್ಟೇ ಬಂದಿತ್ತು. ಎರಡು ದಿನ ಹೇಮಕ್ಕನ ಸುಳಿವಿಲ್ಲ.

ಮೂರನೇ ದಿನ ಬಂದಳು. ಹಾಳೆಗಳ ಕಟ್ಟು ಕಂಕುಳಲ್ಲಿರಲಿಲ್ಲ.

"ಆಂಟಿ, ಇನ್ನೊಂದಾಟ ಆಡ್ತೀರಾ?"

"ಕೂತ್ಕಳವ್ವ. ಮೊದ್ಲು ಇಷ್ಟು ಕೊಬ್ಬರಿ ಬೆಲ್ಲ ತಿನ್ನು."

ಅಂದಿನಿಂದ ದಿನಾ ಮಧ್ಯಾಹ್ನ ಆಟ. ದಿನಾ ಸೋಲು. ಆದರೆ ನಾನು ಆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಎಲ್ಲ ಬಲ್ಲವಳೆಂದು ನಾನು ನಂಬಿದ್ದ ಹೇಮಕ್ಕ, ಏನೂ ಗೊತ್ತಾಗದೆ ಸುಮ್ಮನೆ ಕೂತಿರುವುದನ್ನು ಅದೇ ಮೊದಲು ನೋಡಿದ್ದು. ಹಣೆಯ ಬೆವರು ಮೂಗಿನ ತುದಿಗೆ ಇಳಿದರೂ ಒರೆಸಿಕೊಳ್ಳುತ್ತಿರಲಿಲ್ಲ. ಒಂದು ದಿನ ಗೋಡೆ ಗಡಿಯಾರದಲ್ಲಿ ಹತ್ತಿರ ಹತ್ತಿರ ಅರ್ಧಗಂಟೆ ಕಳೆಯಿತು. ಕೊನೆಗೆ ಅವಳು ಮುಂದೆ ಹೋಗಿದ್ದ ಕುದುರೆಯನ್ನೇ ಮೆಲ್ಲಗೆ ಎತ್ತಿ, ಅದು ಹೊರಟ ಮನೆಗೆ ತಂದಿಟ್ಟಳು. ಅಮ್ಮ ಮುಂದಕ್ಕೆ ಬಾಗಿದಳು. ಒಲೆಯ ಮೇಲಿದ್ದ ಹಾಲು ಉಕ್ಕಿ ಸುಟ್ಟ ವಾಸನೆ ಬಂದರೂ ಏಳಲಿಲ್ಲ.

"ಈಗ ನಂಗೂ ದಾರಿ ಕಾಣ್ತಿಲ್ಲ ಕಣವ್ವ," ಎಂದಳು, ಬಹಳ ಸಂತೋಷದಿಂದ.

ಅಡಿಗೆಮನೆಯಲ್ಲಿ ದಿನಾ ಕಾಣುವ ನನ್ನಮ್ಮ ಇವಳೇನಾ ಅನ್ನಿಸಿತು. ಆ ಆಟವನ್ನೂ ಅಮ್ಮನೇ ಗೆದ್ದಳು. ಆದರೆ ಗೆಲ್ಲುವ ಹೊತ್ತಿಗೆ ಬಿಸಿಲು ಜಗಲಿ ಬಿಟ್ಟು ಬೀದಿಗೆ ಇಳಿದಿತ್ತು.

ಹಾಸನದ ಪಂದ್ಯ ಮುಗಿಸಿ ಹೇಮಕ್ಕ ಬಸ್ಸಿಳಿದವಳೇ ಮನೆಗೂ ಹೋಗದೆ, ಚೀಲ ಹೆಗಲಿಗೇರಿಸಿಕೊಂಡು ನಮ್ಮಲ್ಲಿಗೆ ಬಂದಳು.

"ಸೆಲೆಕ್ಟ್ ಆಗ್ಲಿಲ್ಲ ಆಂಟಿ," ಎಂದಳು. ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು. "ಆದ್ರೆ ಒಂದಾಟದಲ್ಲಿ ಒಬ್ಳು ಮೂರನೇ ನಡೆಗೇ ನಂಗೆ ಗೊತ್ತಿಲ್ದಿರೋದು ಆಡಿದ್ಲು. ಮುಂಚೆ ಆಗಿದ್ರೆ ತಡಬಡ ಆಡಿ ಕೆಡಿಸ್ಕೋತಿದ್ದೆ. ಸುಮ್ನೆ ಕೂತೆ. ಅಷ್ಟು ಹೊತ್ತು ಕೂತೆ! ಗೆದ್ದೆ."

ಅಲ್ಲೇ ಕಾಯಿ ಜೋಡಿಸಿ ಆ ಆಟವನ್ನು ಮೊದಲಿಂದ ಆಡಿ ತೋರಿಸಿದಳು. ಅಮ್ಮ ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದವಳು ನಡುವೆ ತಡೆದು ಕೇಳಿದಳು: "ಇಲ್ಲಿ ಆನೆ ಯಾಕೆ ಬಿಟ್ಕೊಟ್ಟೆ? ನಂಗೆ ಹೊಳೀತಿರ್ಲಿಲ್ಲ. ಹೇಳ್ಕೊಡು." ಹೇಮಕ್ಕ ಹೇಳಿಕೊಟ್ಟಳು. ಅಮ್ಮ ಶಾಲೆಯ ಹುಡುಗಿಯಂತೆ ತಲೆದೂಗಿದಳು.

ಮುಂದೆ ಹೇಮಕ್ಕ ಓದಲು ಮೈಸೂರಿಗೆ ಹೋದಳು. ಈಗ ಬೇಲೂರಿನಲ್ಲಿ ಗಣಿತ ಪಾಠ ಮಾಡುತ್ತಾಳೆ. ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ, ಶಿವಗಣಾರಾಧನೆಯ ದಿನ ಬಂದಿದ್ದಳು. ಊಟವಾದ ಮೇಲೆ ನನ್ನ ಪಕ್ಕ ಕೂತು, "ನಾನು ಹೋದ್ಮೇಲೆ ನೀನು ಆಂಟಿ ಜೊತೆ ಎಷ್ಟು ಆಡಿರ್ತೀಯೋ. ನೀನು ಪುಣ್ಯ ಮಾಡಿದ್ದೆ ಕಣೇ," ಎಂದಳು.

ಅವಳು ಮೈಸೂರಿಗೆ ಹೋದ ಮೇಲೆ ಅಮ್ಮ ನನ್ನನ್ನು ಆಟಕ್ಕೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ದೊಡ್ಡ ಆಟಗಾರ್ತಿಯ ಎದುರು ಕೂರಲು ಮೊದಮೊದಲು ಹೆದರಿಕೆ, ಆಮೇಲೆ ಓದು, ಕೆಲಸ, ಪುರುಸೊತ್ತಿಲ್ಲ. ಒಂದೇ ಸೂರಿನ ಕೆಳಗೆ ಅಷ್ಟು ವರ್ಷ ಇದ್ದೆವು. ಈಗ ನನ್ನ ಫೋನಿನಲ್ಲಿ ಬೇಕೆಂದಾಗ ಎದುರಾಳಿ ಸಿಗುತ್ತಾನೆ, ಅವನಿಗೆ ಎಲ್ಲ ದಾರಿಯೂ ಗೊತ್ತು.

"ಒಂದೂ ಆಡ್ಲಿಲ್ಲ ಅಕ್ಕ," ಎಂದೆ.